ಮಾತಿಲ್ಲದ ಹಾಡಿಗೆ ನಮ್ಮನೇಲಿ ಎಷ್ಟೊಂದು ಮಾತು

ಡಿಸೆಂಬರ್ ಬಂತು ಅಂದ್ರೆ ಹಾಸನದಲ್ಲಿ ನಮ್ಮನೆ ಸಂಜೆಗಳಿಗೆ ಒಂದೇ ಕೆಲಸ, ಹಿದಕವರೆ. ಅಮ್ಮ ಹಿಂದಿನ ರಾತ್ರಿನೇ ಕಾಳು ಬಿಡಿಸಿ ನೀರಿಗೆ ಹಾಕಿಟ್ಟಿರ್ತಾರೆ, ಮಾರನೇ ದಿನ ಸಂಜೆ ಚಳಿ ಶುರುವಾಗೋ ಹೊತ್ತಿಗೆ ಬಾಗಿಲು ಹಾಕ್ಕೊಂಡು ಹಾಲಲ್ಲಿ ಚಾಪೆ ಹಾಸಿ ಎಲ್ರೂ ಕೂರೋದು, ಮಧ್ಯ ಒಂದು ದೊಡ್ಡ ಬೇಸಿನ್, ಒಬ್ಬೊಬ್ಬರ ಮುಂದೆ ಒಂದೊಂದು ಸ್ಟೀಲ್ ಪಾತ್ರೆ. ಟಿವಿ ಹಾಕಿದ್ರೆ ಕಣ್ಣು ಅಲ್ಲಿ ಹೋಗಿ ಕೈ ನಿಂತೋಗತ್ತೆ ಅಂತ ಅಮ್ಮ ಟಿವಿಗೆ ಬಿಡಲ್ಲ, ಹಾಡಾದ್ರೆ ಪರವಾಗಿಲ್ಲ ಅಂತಾರೆ. ಈ ಸಲ ರಜಕ್ಕೆ ತಮ್ಮ ಬೆಂಗಳೂರಿಂದ ಬಂದಿದ್ದ, ಅರಸೀಕೆರೆಯಿಂದ ಸೋದರಮಾವ ಬಂದಿದ್ರು, ಚಿಕ್ಕಪ್ಪನ ಮಗಳು ಇಲ್ಲೇ ಇಂಜಿನಿಯರಿಂಗ್ ಓದ್ತಿರೋಳು ಅವಳೂ ಇದ್ಳು. ಸ್ಪೀಕರ್ ನನ್ನ ಕೈಲಿತ್ತು. ನಾನು ನುಜಾಬೆಸ್‌ನ ಮೋಡಲ್ ಸೋಲ್ ಹಾಕ್ದೆ, ಮೊದಲಿಂದ ಕೊನೇವರೆಗೆ, ಒಂದು ಹಾಡೂ ಬಿಡದೆ. ಅದಾದ್ಮೇಲೆ ಮೂರು ಸಂಜೆ ಅದೇ ಆಲ್ಬಮ್ ಮೇಲೆ ಮಾತು ನಡೀತು, ಬರೆದಿಡ್ಬೇಕು ಅನ್ನಿಸ್ತು ಅದಕ್ಕೆ ಬರೀತಿದೀನಿ.

ಗೊತ್ತಿಲ್ಲದೋರಿಗೆ ಒಂಚೂರು ಹೇಳ್ಬಿಡ್ತೀನಿ. ನುಜಾಬೆಸ್ ಅನ್ನೋದು ಒಬ್ಬ ಜಪಾನಿ ಸಂಗೀತಗಾರ ಇಟ್ಕೊಂಡ ಹೆಸರು, ನಿಜವಾದ ಹೆಸರು ಸೆಬಾ ಜುನ್, ಆ ಹೆಸರಿನ ಇಂಗ್ಲಿಷ್ ಅಕ್ಷರಗಳನ್ನ ಹಿಂದಿನಿಂದ ಮುಂದಕ್ಕೆ ಓದಿದ್ರೆ ನುಜಾಬೆಸ್ ಆಗತ್ತೆ. ಟೋಕಿಯೋದ ಶಿಬುಯಾದಲ್ಲಿ ರೆಕಾರ್ಡ್ ಅಂಗಡಿ ನಡೆಸ್ತಿದ್ದ ಮನುಷ್ಯ, ಹೈಡೌಟ್ ಪ್ರೊಡಕ್ಷನ್ಸ್ ಅಂತ ತನ್ನದೇ ಲೇಬಲ್ ಮಾಡ್ಕೊಂಡಿದ್ದ. ಹಳೇ ಜಾಝ್ ರೆಕಾರ್ಡಿನ ತುಣುಕುಗಳನ್ನ ಎತ್ಕೊಂಡು, ಅದರ ಕೆಳಗೆ ಹಿಪ್ ಹಾಪ್ ಡ್ರಮ್ ಇಟ್ಟು, ಮೇಲೆ ಪಿಯಾನೋ ಕೊಳಲು ಸ್ಯಾಕ್ಸೋಫೋನ್ ಸೇರಿಸಿ ಹಾಡು ಕಟ್ಟೋನು. ಮೋಡಲ್ ಸೋಲ್ ಬಂದಿದ್ದು 2005ರಲ್ಲಿ, ಒಟ್ಟು 14 ಹಾಡು, ಅದ್ರಲ್ಲಿ 6ರಲ್ಲಿ ಯಾರಾದ್ರೂ ಹಾಡ್ತಾರೆ ಅಥವಾ ಮಾತಾಡ್ತಾರೆ, ಉಳಿದ 8 ಬರೀ ವಾದ್ಯ. ಈ 6 ಮತ್ತು 8ರ ಲೆಕ್ಕದ ಮೇಲೇನೇ ನಮ್ಮನೆ ಜಗಳ ಅರ್ಧ ನಡೆದಿದ್ದು.

ನನಗೆ ಇವನು ಸಿಕ್ಕಿದ್ದು 2011ರಲ್ಲಿ, ಹಾಸ್ಟೆಲ್ ಫ್ರೆಂಡ್ ಒಬ್ಬನ ಹಾರ್ಡ್ ಡಿಸ್ಕಲ್ಲಿ ಸಮುರಾಯ್ ಚಾಂಪ್ಲೂ ಅನ್ನೋ ಅನಿಮೆ, ಅಂದ್ರೆ ಜಪಾನಿ ಕಾರ್ಟೂನ್ ಸರಣಿ ಇತ್ತು, ಶಿನಿಚಿರೊ ವಟನಬೆ ನಿರ್ದೇಶನದ್ದು, 2004ರದ್ದು. ಕತ್ತಿ ಹಿಡ್ಕೊಂಡು ಓಡಾಡೋ ಹಳೇ ಕಾಲದ ಸಮುರಾಯ್ ಕತೆಗೆ ಹಿಪ್ ಹಾಪ್ ಸಂಗೀತ ಇಟ್ಟಿದ್ರು, ಅದು ಹೆಂಗೆ ಹೊಂದ್ಕೊಳ್ತು ಅಂತ ನನಗೆ ಇವತ್ತಿಗೂ ಆಶ್ಚರ್ಯನೇ. ಆ ಸಂಗೀತ ಮಾಡಿದೋರಲ್ಲಿ ನುಜಾಬೆಸ್ ಒಬ್ಬ. ಕತೆಗಿಂತ ಜಾಸ್ತಿ ಹಾಡೇ ತಲೆಲಿ ಉಳೀತು, ಯಾರಪ್ಪ ಇವನು ಇನ್ನೇನೇನು ಮಾಡಿದಾನೆ ಅಂತ ಹುಡುಕ್ತಾ ಹೋದೆ, ಹುಡುಕಿದಾಗ ಮೊದಲು ಸಿಕ್ಕಿದ್ದೇ ಅವನು ತೀರ್ಕೊಂಡ ಸುದ್ದಿ. 2010ರ ಫೆಬ್ರವರಿ 26, ಟೋಕಿಯೋದಲ್ಲಿ ರಸ್ತೆ ಅಪಘಾತ, 36 ವರ್ಷ. ಒಂದು ವರ್ಷದ ಹಿಂದೆನೇ ಹೋಗಿಬಿಟ್ಟಿದ್ದ. ಪರಿಚಯ ಆದ ದಿನಾನೇ ಸಾವಿನ ಸುದ್ದಿ ತಿಳಿಯೋದು ಅಂದ್ರೆ ಏನು ಅಂತ ನನಗೆ ಅವತ್ತು ಗೊತ್ತಾಯ್ತು, ಆ ವಾರ ಬೆಂಗಳೂರಿಂದ ಹಾಸನಕ್ಕೆ ರಾತ್ರಿ ಬಸ್ಸಲ್ಲಿ ಬರ್ತಾ ಕುಣಿಗಲ್ ದಾಟೋವಾಗ ಮೋಡಲ್ ಸೋಲ್ ಹಾಕ್ದೋನು ಚನ್ನರಾಯಪಟ್ಟಣ ಬಂದ್ರೂ ಕಿವಿಯಿಂದ ತೆಗೀಲಿಲ್ಲ.

ಸರಿ, ಚಾಪೆ ಮೇಲಿನ ವಿಷಯಕ್ಕೆ ಬರ್ತೀನಿ.

ಮೊದಲು ಬಾಯಿ ಬಿಟ್ಟಿದ್ದು ತಂಗಿ. ‘ಅಣ್ಣ, ಇದು ಲೋಫೈ ಅಲ್ವಾ, ನಾವು ಎಕ್ಸಾಮ್ ಟೈಮಲ್ಲಿ ಹಾಕ್ಕೊಂಡು ಓದ್ತೀವಲ್ಲ ಅದು.’ ಅವಳು ಹೇಳಿದ್ದು ಪೂರ್ತಿ ತಪ್ಪಲ್ಲ, ಇವತ್ತು ಲೋಫೈ ಅಂತ ಗಂಟೆಗಟ್ಲೆ ಓಡೋ ಸಂಗೀತದ ಹಿಂದೆ ನುಜಾಬೆಸ್ ಇದಾನೆ ಅಂತ ಎಲ್ರೂ ಒಪ್ತಾರೆ, ಅಮೆರಿಕದ ಹಿಪ್ ಹಾಪ್ ಸಂಗೀತಗಾರ ಜೆ ಡಿಲ್ಲಾ ಜೊತೆ ಇವನ ಹೆಸರನ್ನೂ ಹೇಳ್ತಾರೆ. ಇಬ್ಬರೂ ಹುಟ್ಟಿದ್ದು ಒಂದೇ ದಿನ, 1974ರ ಫೆಬ್ರವರಿ 7, ಒಬ್ಬ ಟೋಕಿಯೋ ಇನ್ನೊಬ್ಬ ಡೆಟ್ರಾಯಿಟ್, ಇಬ್ಬರೂ ನಲವತ್ತು ಕಾಣ್ಲಿಲ್ಲ. ಆದ್ರೆ ತಂಗಿ ಮುಂದಿನ ಮಾತು ಹೇಳಿದ್ಳಲ್ಲ, ‘ಎಲ್ಲ ಹಾಡೂ ಒಂದೇ ಥರ ಇದೆ, ಯಾವುದು ಮುಗೀತು ಯಾವುದು ಶುರುವಾಯ್ತು ಗೊತ್ತೇ ಆಗಲ್ಲ, ಅದಕ್ಕೇ ಓದೋಕೆ ಚೆನ್ನಾಗಿರತ್ತೆ’ ಅಂತ, ಅದಕ್ಕೆ ನನ್ನ ಹತ್ರ ತಕ್ಷಣಕ್ಕೆ ಉತ್ತರ ಇರ್ಲಿಲ್ಲ. ಒಂದೇ ಥರ ಇದೆ ಅನ್ನೋ ದೂರು ಈ ಆಲ್ಬಮ್ ಬಗ್ಗೆ ಬೇರೆಯವರ ಬಾಯಲ್ಲೂ ಕೇಳಿದೀನಿ, ಒಂದು ಪಿಯಾನೋ ತುಣುಕು ಹಿಡ್ಕೊಂಡ್ರೆ ಐದು ನಿಮಿಷ ಬಿಡಲ್ಲ ಅಂತಾರೆ. ಬಿಡಲ್ಲ ನಿಜ. ಆದ್ರೆ ಬಿಡದೇ ಇರೋದ್ರಲ್ಲೇ ಇದೆ ವಿಷಯ ಅಂತ ನನ್ನ ಮನಸ್ಸು ಹೇಳ್ತಿತ್ತು, ಅದನ್ನ ಬಾಯಿಬಿಟ್ಟು ಹೇಳೋಕೆ ಮಾವ ಬರ್ಬೇಕಾಯ್ತು.

ಮಾವ ಭಜನೆ ಮಂಡಳೀಲಿ ಹಾರ್ಮೋನಿಯಂ ನುಡಿಸ್ತಾರೆ, ನಲವತ್ತು ವರ್ಷದಿಂದ. ಹಿಪ್ ಹಾಪ್ ಅಂದ್ರೆ ಅವರಿಗೆ ಕಾರಲ್ಲಿ ಕಿಟಕಿ ಅದುರೋ ಹಂಗೆ ಹಾಕ್ಕೊಂಡು ಹೋಗೋ ಹುಡುಗರ ಸಂಗೀತ. ಹಂಗಾಗಿ ಮೊದಲ ಎರಡು ಹಾಡಿಗೆ ಅವರು ಮಾತೇ ಆಡ್ಲಿಲ್ಲ, ಬೇಳೆ ಹಿದುಕ್ತಾ ಕೂತಿದ್ರು. ಮೂರನೇದು ರಿಫ್ಲೆಕ್ಷನ್ ಎಟರ್ನಲ್, ಅದು ಶುರುವಾಗಿ ಒಂದು ನಿಮಿಷ ಆಗಿರ್ಬೇಕು, ಕೈ ನಿಲ್ಸಿ ತಲೆ ಎತ್ತಿ ‘ಇವನು ಶ್ರುತಿ ಬಿಟ್ಟು ಎಲ್ಲೂ ಹೋಗ್ತಾ ಇಲ್ವಲ್ಲೋ’ ಅಂದ್ರು. ನನಗೆ ಖುಷಿಯಾಗೋಯ್ತು. ಯಾಕಂದ್ರೆ ಮೋಡಲ್ ಅನ್ನೋ ಪದಾನೇ ಜಾಝ್‌ನವರದ್ದು. ಅದಕ್ಕಿಂತ ಮುಂಚಿನ ಜಾಝಲ್ಲಿ ಕಾರ್ಡುಗಳು, ಅಂದ್ರೆ ಒಟ್ಟಿಗೆ ನುಡಿಸೋ ಸ್ವರಗಳ ಜೋಡಣೆ, ಬೇಗ ಬೇಗ ಬದಲಾಗ್ತಿದ್ವು, ನುಡಿಸೋನು ಅದರ ಹಿಂದೆ ಓಡ್ತಾ ಇರ್ಬೇಕು. 1950ರ ದಶಕದ ಕೊನೇಲಿ ಟ್ರಂಪೆಟ್ ನುಡಿಸೋ ಮೈಲ್ಸ್ ಡೇವಿಸ್ ಅಂಥೋರು ಆ ಓಟ ಬಿಟ್ಟು, ಒಂದು ಸ್ವರಗಳ ಗುಂಪನ್ನ ಹಿಡ್ಕೊಂಡು ಅದರಲ್ಲೇ ನಿಧಾನಕ್ಕೆ ಓಡಾಡೋ ದಾರಿ ಹಿಡಿದ್ರು, 1959ರ ಅವರ ಆಲ್ಬಮ್ ಕೈಂಡ್ ಆಫ್ ಬ್ಲೂ ಅದಕ್ಕೆ ದೊಡ್ಡ ಉದಾಹರಣೆ. ಇದನ್ನ ಹೇಳಿದ ತಕ್ಷಣ ಮಾವ ‘ಹಂಗಂದ್ರೆ ರಾಗ ಅನ್ನು’ ಅಂದ್ರು. ಪೂರ್ತಿ ರಾಗ ಅಲ್ಲ ಮಾವ, ಗಮಕ ಇಲ್ಲ, ಆರೋಹಣ ಅವರೋಹಣದ ಕಟ್ಟು ನಮ್ಮ ಥರ ಇಲ್ಲ, ಆದ್ರೆ ಒಂದೇ ಕಡೆ ನಿಂತು ಅದನ್ನೇ ಬಿಡಿಸಿ ಬಿಡಿಸಿ ನೋಡೋ ಮನಸ್ಸು ಅದೇ ಅಂದೆ. ಆ ಬಳಗದ ಜಾನ್ ಕೋಲ್ಟ್ರೇನ್ ತನ್ನ ಮಗನಿಗೆ ರವಿಶಂಕರ್ ಮೇಲಿನ ಗೌರವಕ್ಕೆ ರವಿ ಅಂತ ಹೆಸರಿಟ್ಟ ಕತೆನೂ ಹೇಳ್ದೆ, ಅದು ಕೇಳಿದ ಮೇಲಂತೂ ಮಾವ ಚಾಪೆಯಿಂದ ಎದ್ದು ಸ್ಪೀಕರ್ ಪಕ್ಕಕ್ಕೇ ಬಂದು ಕೂತ್ರು.

ಆಲ್ಬಮ್ ಹೆಸರಿನದೇ ಹಾಡು ಬಂತು, ಅದು ಉಯಮಾ ಹಿರೊಟೊ ಜೊತೆ ಮಾಡಿರೋದು, ಸ್ಯಾಕ್ಸೋಫೋನ್ ನುಡಿಸೋ ಗೆಳೆಯ ಅವನು, ನುಜಾಬೆಸ್ ಹೋದ ಮೇಲೆ ಅರ್ಧಕ್ಕೆ ನಿಂತಿದ್ದ ಕೊನೇ ಆಲ್ಬಮ್ ಸ್ಪಿರಿಚುವಲ್ ಸ್ಟೇಟ್ ಮುಗಿಸಿ 2011ರಲ್ಲಿ ಹೊರಗೆ ತಂದ ಜೊತೆಗಾರರಲ್ಲೂ ಇದ್ದವನು. ಸ್ಯಾಕ್ಸೋಫೋನ್ ಅಂದ ಕೂಡ್ಲೆ ನಮ್ಮ ಕಡೆಯೋರಿಗೆ ಕದ್ರಿ ಗೋಪಾಲನಾಥರು ನೆನಪಾಗದೆ ಇರಲ್ಲ, ಮಾವನಿಗೂ ಅದೇ ನೆನಪಾಯ್ತು, ರಾಮೋತ್ಸವದಲ್ಲಿ ಅವರ ಕಛೇರಿ ಕೇಳಿದ್ದನ್ನ ಹೇಳ್ತಾ ಹೇಳ್ತಾ ಹತ್ತು ನಿಮಿಷ ಕಳೀತು. ಆಮೇಲೆ ಮಾವ ಒಂದು ಮಾತು ಅಂದ್ರು ನೋಡಿ, ‘ಹೊರಗಡೆ ವಾದ್ಯ ತಂದು ನಮ್ಮದನ್ನ ನುಡಿಸಿದ್ರು ಕದ್ರಿಯೋರು, ಇವನು ಹೊರಗಡೆದನ್ನ ತಂದು ಏನು ನುಡಿಸ್ತಾ ಇದಾನೆ, ಜಪಾನಿಂದು ಇದರಲ್ಲಿ ಏನಿದೆ?’

ಒಳ್ಳೇ ಪ್ರಶ್ನೆ. ಜಪಾನಿನ ವಾದ್ಯನೇ ಬೇಕು ಅಂದ್ರೆ ಡಿಜೆ ಕ್ರಶ್ ಇದಾನೆ, 2004ರ ಜಾಕು ಆಲ್ಬಮಲ್ಲಿ ಶಾಕುಹಾಚಿ ಅನ್ನೋ ಬಿದಿರಿನ ಕೊಳಲು ಬರತ್ತೆ, ಅವನೇ 1996ರಲ್ಲಿ ತೊಶಿನೊರಿ ಕೊಂಡೊ ಅನ್ನೋ ಟ್ರಂಪೆಟ್ ವಾದಕನ ಜೊತೆ ಕಿ-ಓಕು ಅಂತ ಮಾಡಿದಾನೆ, ಅದು ಕತ್ತಲೆ ಕತ್ತಲೆ ಸಂಗೀತ, ಒಬ್ಬನೇ ಕೇಳೋವಾಗ ಮೈ ಜುಮ್ ಅನ್ನತ್ತೆ. ನುಜಾಬೆಸ್ ಹಂಗಲ್ಲ. ಅವನ ಹಾಡಲ್ಲಿ ಜಪಾನಿನ ಚಿಹ್ನೆ ಅಂತ ಬೆರಳಿಟ್ಟು ತೋರ್ಸೋ ಹಂಗೆ ಏನೂ ಸಿಗಲ್ಲ. ನನಗೆ ಕಾಣೋದು ಅಂದ್ರೆ ಅವನು ಹಳೇ ರೆಕಾರ್ಡನ್ನ ಮುಟ್ಟೋ ರೀತಿ, ಒರಟುತನ ಇಲ್ಲ, ಬೇರೆಯವರ ಮನೆ ಪಾತ್ರೆ ಇಸ್ಕೊಂಡು ಬಂದಾಗ ಎಷ್ಟು ಜೋಪಾನವಾಗಿ ಇಟ್ಕೋತೀವಿ ಹಂಗೆ. ಅಂಗಡೀಲಿ ದಿನಾ ಹಳೇ ರೆಕಾರ್ಡ್ ಮಧ್ಯೆ ಬದುಕಿದೋನಿಗೆ ಮಾತ್ರ ಆ ಕೈ ಬರತ್ತೆ ಅನ್ಸತ್ತೆ.

ಎರಡನೇ ಸಂಜೆ ಜಗಳ ಜೋರಾಯ್ತು. ತಮ್ಮ ಸ್ಯಾಂಪ್ಲಿಂಗ್ ಅಂದ್ರೇನು ಅಂತ ಮಾವನಿಗೆ ವಿವರಿಸೋಕೆ ಹೋದ, 1973ರಲ್ಲಿ ನ್ಯೂಯಾರ್ಕಿನ ಬ್ರಾಂಕ್ಸಲ್ಲಿ ಕೂಲ್ ಹರ್ಕ್ ಅನ್ನೋನು ಪಾರ್ಟೀಲಿ ರೆಕಾರ್ಡ್ ಹಾಕ್ತಾ ಡ್ರಮ್ ಬರೋ ಜಾಗನ್ನ ಮಾತ್ರ ಮತ್ತೆ ಮತ್ತೆ ಉದ್ದ ಮಾಡೋಕೆ ಶುರು ಮಾಡಿದ್ದು, ಅಲ್ಲಿಂದ ಹಿಪ್ ಹಾಪ್ ಹುಟ್ಟಿದ್ದು, ಆಮೇಲೆ ಯಂತ್ರ ಬಂದು ತುಣುಕು ಕತ್ತರಿಸಿ ಇಟ್ಕೊಳ್ಳೋಕೆ ಆಗಿದ್ದು, ಎಲ್ಲ ಹೇಳ್ದ. ಮಾವ ಕೇಳ್ಕೊಂಡು ‘ಅಂದ್ರೆ ಯಾರೋ ಕಷ್ಟಪಟ್ಟು ನುಡಿಸಿದ್ದನ್ನ ಎತ್ಕೊಂಡು ಹೆಸರು ಮಾಡ್ಕೊಳ್ಳೋದು, ಕಳ್ಳತನ ಅಲ್ವೇನೋ ಅದು’ ಅಂದ್ರು, ಮುಖ ಗಂಭೀರ ಆಗಿತ್ತು. ಮಂಡಳೀಲಿ ಅವರು ಕೂರಿಸಿದ ಎರಡು ಮಟ್ಟನ್ನ ಯಾರೋ ತಮ್ಮದು ಅಂತ ಹಾಡಿ ಕ್ಯಾಸೆಟ್ ಮಾಡಿದ್ದು ಇವತ್ತಿಗೂ ಅವರಿಗೆ ಮರೆತಿಲ್ಲ, ನಮಗೆಲ್ಲ ಅದು ಗೊತ್ತು, ಅದಕ್ಕೆ ಯಾರೂ ತಟ್ಟಂತ ಎದುರು ಮಾತಾಡ್ಲಿಲ್ಲ.

ನಾನು ಎರಡು ವಿಷಯ ಹೇಳ್ದೆ. ಒಂದು, ಸಮುರಾಯ್ ಚಾಂಪ್ಲೂಗೆ ಅವನು ಮಾಡಿದ ಅರುಆರಿಯನ್ ಡಾನ್ಸ್ ಇದೆಯಲ್ಲ, ಅದರ ಗಿಟಾರ್ ಬ್ರೆಜಿಲಿನ ಲೌರಿಂಡೊ ಅಲ್ಮೇಡಾ ನುಡಿಸಿದ್ದು. ಅಲ್ಮೇಡಾ ನುಡಿಸ್ತಿದ್ದ ಆ ಹಾಡು 1930ರ ದಶಕದ ಕೊನೆಯ ಅಮೆರಿಕನ್ ಹಾಡು. ಆ ಹಾಡಿನ ಮಟ್ಟು ಫ್ರಾನ್ಸಿನ ರವೆಲ್ 1899ರಲ್ಲಿ ಪಿಯಾನೋಗೆ ಬರೆದಿದ್ದ ಒಂದು ಪವಾನ್ ಇಂದ ಎತ್ಕೊಂಡಿದ್ದು. ಪವಾನ್ ಅನ್ನೋದೇ ಅದಕ್ಕಿಂತ ನೂರಾರು ವರ್ಷ ಹಳೇ ಕುಣಿತದ ರೂಪ. ಈಗ ಇದ್ರಲ್ಲಿ ಯಾರು ಯಾರಿಂದ ತಗೊಂಡ್ರು ಅಂತ ಎಲ್ಲಿಂದ ಎಣಿಸೋದು ಮಾವ ಅಂದೆ. ದಾಸರ ಪದ ಒಂದೊಂದು ಊರಲ್ಲಿ ಒಂದೊಂದು ರಾಗದಲ್ಲಿ ಹಾಡಲ್ವಾ, ನೀವು ಹಾಡೋ ಮಟ್ಟು ನಿಮ್ಮ ಗುರುಗಳಿಗೆ ಯಾರು ಕೊಟ್ಟಿದ್ರೋ.

ಎರಡನೇದು ನನಗೆ ಈ ಆಲ್ಬಮಲ್ಲೇ ತುಂಬ ಇಷ್ಟವಾದ ಕತೆ. ಆಲ್ಬಮಿನ ಎರಡನೇ ಹಾಡು ಆರ್ಡಿನರಿ ಜೋ. ಅದನ್ನ ಷಿಕಾಗೋದ ಟೆರ್ರಿ ಕ್ಯಾಲಿಯರ್ ಅನ್ನೋರು 1972ರಲ್ಲೇ ಹಾಡಿದ್ರು. ಚೆನ್ನಾಗಿ ಹಾಡೋರು, ಆದ್ರೆ ಹೊಟ್ಟೆಪಾಡು ನಡೀಲಿಲ್ಲ, 1980ರ ದಶಕದಲ್ಲಿ ಸಂಗೀತ ಬಿಟ್ಟು ಷಿಕಾಗೋ ಯೂನಿವರ್ಸಿಟೀಲಿ ಕಂಪ್ಯೂಟರ್ ಪ್ರೋಗ್ರಾಮರ್ ಕೆಲಸಕ್ಕೆ ಸೇರ್ಕೊಂಡ್ರು. ವರ್ಷಗಟ್ಲೆ ಆದ್ಮೇಲೆ ಹಳೇ ರೆಕಾರ್ಡ್ ಹುಡುಕೋ ಹುಡುಗರು ಅವರ ಹಾಡು ಕೇಳಿ ಹುಡುಕ್ಕೊಂಡು ಹೋದ್ರು, ಮತ್ತೆ ಹಾಡೋಕೆ ಬಂದ್ರು. ನುಜಾಬೆಸ್ ಬರೀ ಅವರ ಹಳೇ ಧ್ವನಿ ಕತ್ತರಿಸಿ ಇಟ್ಟು ಸುಮ್ಮನಾಗ್ಲಿಲ್ಲ, ಅವರ ಕೈಲೇ ಆ ಹಾಡನ್ನ ತನ್ನ ಸಂಗೀತದ ಮೇಲೆ ಮತ್ತೆ ಹಾಡಿಸಿದ. ಅರವತ್ತಾದ ಗಂಟಲು ಅದು, ಕೇಳಿ, ಒಂದು ಕಡೆ ಸಣ್ಣಗೆ ಒಡೆದಂಗೆ ಆಗತ್ತೆ, ಆದ್ರೂ ಬಿಡಲ್ಲ. ನಾನು ಇದನ್ನ ಹೇಳಿ ಮತ್ತೆ ಆ ಹಾಡು ಹಾಕ್ದೆ. ಮಾವ ಪೂರ್ತಿ ಕೇಳಿ, ‘ಇದು ಸರಿ, ಇದು ಕರೆದು ಕೂರಿಸಿ ಮರ್ಯಾದೆ ಮಾಡಿದಂಗೆ’ ಅಂದ್ರು. ಆದ್ರೆ ಮಿಕ್ಕ ತುಣುಕುಗಳನ್ನ ನುಡಿಸಿದೋರ ಹೆಸರು ಎಷ್ಟು ಜನಕ್ಕೆ ಗೊತ್ತು ಅಂತ ಕೇಳಿದ್ರು, ಅದಕ್ಕೆ ನಾನು ಏನೂ ಹೇಳ್ಲಿಲ್ಲ, ಅವರ ಮಾತು ನ್ಯಾಯವೇ. ಸ್ಯಾಂಪಲ್ ಮಾಡಿದ ಹಾಡು ಇಷ್ಟಪಡೋರು ಅದರ ಮೂಲ ಹುಡುಕಿ ಒಂದ್ಸಲನಾದ್ರೂ ಕೇಳ್ಬೇಕು, ಅದು ಕೇಳೋರ ಮೇಲಿರೋ ಋಣ ಅಂತ ನಾನು ನಂಬ್ತೀನಿ, ನಾನು ಹಂಗೆ ಹುಡುಕ್ಕೊಂಡು ಹೋಗೇ ಅಮೆರಿಕದ ಜಾಝ್ ವಾದಕ ಯೂಸೆಫ್ ಲತೀಫ್ ಅವರನ್ನ ಕೇಳಿದ್ದು, ಇವನ ಮೊದಲ ಆಲ್ಬಮಿನ ದ ಫೈನಲ್ ವ್ಯೂ ಹಾಡಿನ ಬೇರು ಅವರಲ್ಲಿದೆ.

ತಮ್ಮಂದು ಬೇರೇನೇ ತಕರಾರು. ಅವನಿಗೆ ರ‍್ಯಾಪ್ ಇರೋದೇ ಬೇಕು, ಶಿಂಗೊ2 ಅನ್ನೋ ರ‍್ಯಾಪರ್ ಬರೋ ಲವ್ ಸಿಕ್ ಪಾರ್ಟ್ 3 ಅವನಿಗೆ ಬಾಯಿಪಾಠ, ‘ವಾದ್ಯದ್ದೆಲ್ಲ ಮಧ್ಯದಲ್ಲಿ ತುಂಬಿಸೋಕೆ ಹಾಕಿರೋದು ಬಿಡು’ ಅಂತಾನೆ. ನಾನು ಇದನ್ನ ಖಂಡಿತ ಒಪ್ಪಲ್ಲ. ನನ್ನ ಪ್ರಕಾರ ಮಾತಿರೋ ಹಾಡುಗಳು ನಮ್ಮನ್ನ ಕೈ ಹಿಡಿದು ಒಳಗೆ ಕರ್ಕೊಂಡು ಬರತ್ತೆ ಅಷ್ಟೇ, ಮನೆ ಇರೋದು ಆ 8 ಹಾಡಲ್ಲಿ. ಮಾತಿರೋದ್ರಲ್ಲಿ ದ ಸೈನ್ ಒಂದನ್ನ ಬಿಟ್ಟು, ಅದು ಹಾಡೂ ಅಲ್ಲ ರ‍್ಯಾಪೂ ಅಲ್ಲ, ಪೇಸ್ ರಾಕ್ ಅನ್ನೋನು ಸುಮ್ಮನೆ ಮಾತಾಡ್ತಾ ಹೋಗ್ತಾನೆ, ನಿಮಗೆ ಸೂಚನೆಗಳು ಕಾಣ್ತಿಲ್ವಾ ಅನ್ನೋ ಥರ, ಅದು ಬಂದಾಗ ಕೋಣೇಲಿ ಯಾರೇ ಮಾತಾಡ್ತಿದ್ರೂ ನಿಲ್ಲಿಸ್ತಾರೆ. ತಂಗಿಗೆ ಇಡೀ ಆಲ್ಬಮಲ್ಲಿ ಅದೊಂದೇ ಬೇರೆ ಥರ ಕಂಡಿದ್ದು. ನನಗೆ ಒಂದು ಕಡೆ ಮಾತ್ರ ಆಲ್ಬಮ್ ಜಾರತ್ತೆ, ವರ್ಲ್ಡ್ಸ್ ಎಂಡ್ ರಾಪ್ಸೊಡಿ, ಅದು ವೇಗದ ಕುಣಿತದ ಹಾಡು, ಒಂದೇ ಕೇಳಿದ್ರೆ ಚೆನ್ನಾಗಿದೆ ಆದ್ರೆ ಅಲ್ಲೀವರೆಗೆ ಕಟ್ಟಿದ ನಿಧಾನನ್ನ ಅದು ಒಡೆದು ಹಾಕತ್ತೆ. ತಮ್ಮ ಅದೇ ಸರಿ, ಇಲ್ಲಾಂದ್ರೆ ನಿದ್ದೆ ಬರ್ತಿತ್ತು ಅಂದ. ಮೊದಲ ಆಲ್ಬಮ್ 2003ರ ಮೆಟಫೋರಿಕಲ್ ಮ್ಯೂಸಿಕ್ ಇದಕ್ಕಿಂತ ಮೇಲು ಅನ್ನೋರೂ ಇದಾರೆ, ಅದು ಇನ್ನೂ ಹಸಿಹಸಿಯಾಗಿದೆ ಅಂತ, ಇರ್ಬಹುದು, ನನಗೆ ಹದವಾಗಿ ಬೆಂದಿದ್ದೇ ಇಷ್ಟ.

ಇಷ್ಟು ಹೊತ್ತು ಅಮ್ಮ ಮಾತೇ ಆಡಿರ್ಲಿಲ್ಲ. ಮೂರನೇ ಸಂಜೆ ಕಾಳು ಇನ್ನೇನು ಮುಗೀಬೇಕು, ನಾನು ಅಮ್ಮನ ಕೈನೇ ನೋಡ್ತಾ ಕೂತಿದ್ದೆ. ಹೆಬ್ಬೆರಳು ತೋರುಬೆರಳ ಮಧ್ಯೆ ಕಾಳಿಟ್ಟು ಒತ್ತಿದ್ರೆ ಸಿಪ್ಪೆ ಬೆರಳಲ್ಲೇ ಉಳಿದು ಬೇಳೆ ಜಾರಿ ಪಾತ್ರೆಗೆ ಟಣ್ ಅಂತ ಬೀಳತ್ತೆ, ಪಾತ್ರೆ ತುಂಬ್ತಾ ಬಂದಂಗೆ ಆ ಟಣ್ ಅನ್ನೋದು ತಪ್ ಅಂತ ಆಗತ್ತೆ, ನೆನೆದ ಅವರೆ ಸೊಗಡು ಬೆರಳಿಗೆ ಹತ್ಕೊಂಡು ಎರಡು ದಿನ ಹೋಗಲ್ಲ. ಅಮ್ಮನ ಕೈ ಹಾಡಿನ ಡ್ರಮ್ಮಿಗೆ ಸರಿಯಾಗಿ ಬೀಳ್ತಾ ಇತ್ತು. ಅವರಿಗೆ ಅದು ಗೊತ್ತಿರ್ಲಿಲ್ಲ. ಒಂದು ಹೊಡೆತಕ್ಕೆ ಒಂದು ಕಾಳು, ಹಾಡು ಬದಲಾಗಿ ಡ್ರಮ್ ನಿಧಾನ ಆದ್ರೆ ಕೈನೂ ನಿಧಾನ. ನಾನು ಕೇಳ್ದೆ, ಅಮ್ಮ ನಿಂಗೆ ಬೇಜಾರಾಗಲ್ವಾ ಒಂದೇ ಥರ ಇದೆ ಅಂತಾಳಲ್ಲ ಇವಳು. ಅಮ್ಮ ಅಂದಿದ್ದು ಇಷ್ಟೇ, ‘ನಮ್ಮಜ್ಜಿ ರಾಗಿ ಬೀಸುವಾಗ ಒಂದೇ ರಾಗದಲ್ಲಿ ಬೆಳಗಿನ ಜಾವದಿಂದ ಹೊತ್ತು ಮೂಡೋವರೆಗೆ ಹಾಡೋಳು, ಕಲ್ಲು ಒಂದು ಸುತ್ತು ಬಂದ್ರೆ ಒಂದು ಸಾಲು, ನಾವು ಅಲ್ಲೇ ಪಕ್ಕ ಮಲಗಿರ್ತಿದ್ವಿ, ಒಂದಿನಾನೂ ಇದೇ ರಾಗ ಯಾಕೆ ಅಂತ ಕೇಳಿಲ್ಲ ಕಣೋ. ಕಲ್ಲು ಸುತ್ತೋದು ಒಂದೇ ಥರ, ರಾಗಿ ಬೇರೆ ಬೇರೆ.’

ನನಗೆ ಮೂರು ದಿನದಿಂದ ಬಾಯಿಗೆ ಬರದೇ ಇದ್ದಿದ್ದು ಇದೇ. ಕಲ್ಲಿನ ಸುತ್ತು ಬದಲಾಗಲ್ಲ, ಅದಕ್ಕೆ ಬೀಳೋ ಹಿಡಿ ರಾಗಿ ಬದಲಾಗ್ತಾ ಇರತ್ತೆ. ನುಜಾಬೆಸ್ ಪಿಯಾನೋ ತುಣುಕು ಕಲ್ಲಿನ ಸುತ್ತು. ಎರಡನೇ ಸುತ್ತಿಗೆ ಒಂದು ಸಣ್ಣ ಶಬ್ದ ಸೇರತ್ತೆ, ಎಂಟನೇ ಸುತ್ತಿಗೆ ಕೆಳಗಿನ ಬೇಸ್ ಒಂದು ಕ್ಷಣ ಸುಮ್ಮನಾಗತ್ತೆ, ಆ ಸುಮ್ಮನಾದ ಜಾಗದಲ್ಲೇ ಪಿಯಾನೋ ಮೊದಲ ಸಲ ಕೇಳಿಸಿದಂಗೆ ಕೇಳಿಸತ್ತೆ, ಅದು ಅಲ್ಲೀವರೆಗೆ ನುಡೀತಾನೇ ಇದ್ರೂ. ಹಿನ್ನೆಲೆಗೆ ಹಾಕ್ಕೊಂಡು ಓದ್ತಿದ್ರೆ ಇದು ಯಾವುದೂ ಸಿಗಲ್ಲ. ತಂಗಿಗೆ ಹೇಳ್ದೆ, ಒಂದ್ಸಲ ಪುಸ್ತಕ ಮುಚ್ಚಿಟ್ಟು ಕೇಳು, ಒಂದೇ ಒಂದ್ಸಲ. ಕೇಳ್ತೀನಿ ಅಂದಿದಾಳೆ, ಸೆಮಿಸ್ಟರ್ ಮುಗೀಲಿ ಅಂತ.

ಕೊನೇ ಹಾಡು ಹೊರೈಜನ್, ಏಳು ನಿಮಿಷ ದಾಟತ್ತೆ, ಆಲ್ಬಮಲ್ಲಿ ಎಲ್ಲಕ್ಕಿಂತ ಉದ್ದ ಅದೇ. ಅದು ಶುರುವಾದಾಗ ಕಾಳು ಮುಗಿದಿತ್ತು, ಅಮ್ಮ ಸಿಪ್ಪೆ ಗುಡ್ಡೆ ಮಾಡಿ ಹಸುಗೆ ಅಂತ ಎತ್ತಿಟ್ರು, ಯಾರೂ ಎದ್ದು ಹೋಗ್ಲಿಲ್ಲ. ಮಾವ ಮೊಣಕಾಲ ಮೇಲೆ ಬೆರಳಿಟ್ಟು ಹಾರ್ಮೋನಿಯಂ ಮೆಟ್ಟು ಒತ್ತೋ ಹಂಗೆ ಒತ್ತುತ್ತಾ ಇದ್ರು.

ಮಾರನೇ ದಿನ ಬೆಳಿಗ್ಗೆ ಮಾವ ಹೊರಡೋ ಮುಂಚೆ ಪೆನ್ ಡ್ರೈವ್ ಕೊಟ್ಟು ಇದಕ್ಕೆ ಹಾಕ್ಕೊಡು ಅಂದ್ರು, ಮಾತಿರೋದು ಬೇಡ ಬರೀ ವಾದ್ಯದ್ದು ಹಾಕು ಅಂದ್ರು. 8 ಹಾಡು ಕಾಪಿ ಮಾಡಿ ಕೊಟ್ಟೆ. ಜೇಬಿಗೆ ಹಾಕ್ಕೊಂಡು ಗೇಟ್ ತನಕ ಹೋದೋರು ವಾಪಸ್ ಬಂದು, ‘ಆ ವಯಸ್ಸಾದೋರು ಹಾಡಿದ್ದು ಒಂದಿತ್ತಲ್ಲ, ಅದನ್ನೂ ಹಾಕು’ ಅಂದ್ರು.